ಕಣ್ಣು ಯಾರ ಹತ್ತಿರ ತೋರಿಸಬೇಕು, ವಿಮೆ ಕಾರ್ಡು ಯಾವ ಕೌಂಟರಿನಲ್ಲಿ ಕೊಡಬೇಕು?

ಪ್ರಶ್ನೆ: ನಾವು ಗದಗಿನವರು. ಕೆಲಸದ ಸಲುವಾಗಿ ಈ ವರ್ಷ ಹುಬ್ಬಳ್ಳಿ ನವನಗರಕ್ಕ ಬಂದೀವಿ. ಮನಿಯೊಳಗ ಮೂರು ಮಂದಿಗೆ ಕಣ್ಣು ತೋರಸೋದೈತಿ. ನಾಲ್ಕನೇತ್ತೆ ಮಗಳು ಬೋರ್ಡ್ ಮ್ಯಾಲಿಂದು ಕಾಣವಲ್ದು ಅಂತಾಳ. ನನಗ 42, ಮೊಬೈಲ್ ದೂರ ಹಿಡಿದ್ರಷ್ಟ ಅಕ್ಷರ ಕಾಣ್ತಾವ. ಅವ್ವಗ 68, ಶುಗರ್ ಐತಿ. ಆಕಿದು ಉಲ್ಟಾ, ಈಗೀಗ ಚಾಳೀಸು ಇಲ್ಲದ ಪೇಪರ್ ಓದ್ತಾಳ, ಕಣ್ಣು ಸುಧಾರಿಸ್ಯಾವು ಅಂತ ಖುಷಿಯೊಳಗ ಅದಾಳ. ಕಂಪನಿಯಿಂದ 5 ಲಕ್ಷದ ಮೆಡಿಕ್ಲೇಮ್ ಕಾರ್ಡ್ ಕೊಟ್ಟಾರ. ಅಮೆರಿಕಾದಾಗಿರೋ ನಮ್ಮ ಮಾವನ ಮಗ, ಅಲ್ಲಿ ಕಣ್ಣಿನ ತಪಾಸಣಿ, ಕನ್ನಡಕ ಎಲ್ಲಾ ಇನ್ಶೂರೆನ್ಸ್‌ನಾಗ ಆಗ್ತಾವ ಅಂತಾನ. ಹತ್ತಿರದಾಗ ಒಳ್ಳೆ ಆಪ್ಟೋಮೆಟ್ರಿಸ್ಟ್ ಹೆಂಗ ಹುಡಕೋದು? ಅವರು ನಮ್ಮ ಕಾರ್ಡ್ ತಗೋತಾರೋ ಇಲ್ಲೋ ಮೊದಲ ಹೆಂಗ ತಿಳಕೊಳ್ಳೋದು? ಮೂರೂ ಮಂದಿದು ಒಂದ ಕಡೆ ಮುಗಿಸಬೌದಾ?
— ನವನಗರದ ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಕಾರ್ಡಿನ ವಿಷಯ ಮುಗಿಸೋಣ. ನಿಮ್ಮ ಹುಡುಕಾಟ ದಾರಿ ತಪ್ಪುತ್ತಿರುವುದು ಅಲ್ಲಿಯೇ.

ಅಮೆರಿಕದಲ್ಲಿ ಕಣ್ಣಿಗೆಂದೇ ಬೇರೆ ವಿಮೆ ಸಿಗುತ್ತದೆ. ತಪಾಸಣೆಗೆ ಇಷ್ಟು, ಫ್ರೇಮಿಗೆ ಇಷ್ಟು ಡಾಲರ್ ಎಂದು ಅದರಲ್ಲಿ ಬರೆದಿರುತ್ತದೆ. ಆದ್ದರಿಂದ ಅಪಾಯಿಂಟ್‌ಮೆಂಟ್‌ಗೆ ಮೊದಲೇ ‘ನಮ್ಮ ವಿಮೆ ನಡೆಯುತ್ತದೆಯೇ’ ಎಂದು ಕೇಳುವುದು ಅಲ್ಲಿ ರೂಢಿ. ನಮ್ಮಲ್ಲಿ ಮೆಡಿಕ್ಲೇಮ್ ಇರುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವವರಿಗೆ ಮತ್ತು ಅದೇ ದಿನ ಮನೆಗೆ ಕಳಿಸುವ ಡೇ-ಕೇರ್ ಆಪರೇಷನ್ ಮಾಡಿಸಿಕೊಳ್ಳುವವರಿಗೆ. ಹೊರರೋಗಿ ಫೀ, ನಂಬರ್ ತೆಗೆಯುವುದು, ಫ್ರೇಮು, ಗ್ಲಾಸು, ಕಾಂಟ್ಯಾಕ್ಟ್ ಲೆನ್ಸ್ ಇವು ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಕೊಪ್ಪೀಕರ್ ರಸ್ತೆಯ ಚಸ್ಮಾ ಅಂಗಡಿಯಲ್ಲಿ ಮೆಡಿಕ್ಲೇಮ್ ಕಾರ್ಡ್ ತೆಗೆದರೆ ಅಂಗಡಿಯವರು ನಕ್ಕು, ‘ಫೋನ್‌ಪೇ ಮಾಡ್ರಿ ಸರ್’ ಅಂದಾರು.

ಹಾಗಾಗಿ ನಿಮ್ಮ ಮನೆಯ ಮೂರು ಜನರಲ್ಲಿ ಇಬ್ಬರ ಖರ್ಚು ನಿಮ್ಮ ಜೇಬಿನದೇ. ತಪಾಸಣೆಗೆ ಕೆಲವು ನೂರು ರೂಪಾಯಿ, ಕನ್ನಡಕಕ್ಕೆ ನೀವು ಆರಿಸಿದ ಫ್ರೇಮಿನಷ್ಟು. ಫ್ರೇಮು ಮತ್ತು ನಂಬರಿನ ಗ್ಲಾಸಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಕಾರ್ಡು ನಿಜವಾಗಿ ಕೆಲಸಕ್ಕೆ ಬರುವುದು ನಿಮ್ಮ ಅವ್ವನಿಗೆ. ಯಾಕೆಂದು ಮುಂದೆ ಹೇಳುತ್ತೇನೆ.

ಇದಕ್ಕೊಂದು ಅಪವಾದವಿದೆ. ಕೆಲವು ಕಂಪನಿಗಳು ಗುಂಪು ವಿಮೆಯ ಜೊತೆ ಓಪಿಡಿ (ಹೊರರೋಗಿ) ಸೌಲಭ್ಯವನ್ನೋ ‘ವೆಲ್‌ನೆಸ್ ವ್ಯಾಲೆಟ್’ ಎಂಬ ಹೆಸರಿನ ಸಣ್ಣ ಮೊತ್ತವನ್ನೋ ಕೊಡುತ್ತವೆ, ಅದರಲ್ಲಿ ಕಣ್ಣಿನ ತಪಾಸಣೆ, ಒಮ್ಮೊಮ್ಮೆ ಕನ್ನಡಕವೂ ಸೇರಿರುತ್ತದೆ. ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ ಎರಡು ಮಾತು ಕೇಳಿ: ನಮ್ಮ ಪಾಲಿಸಿಯಲ್ಲಿ ಓಪಿಡಿ ಇದೆಯೇ? ಇದ್ದರೆ ನಾವು ಬಿಲ್ ಕೊಟ್ಟು ಹಣ ವಾಪಸ್ ಪಡೆಯಬಹುದೇ, ಅಥವಾ ಆ್ಯಪ್‌ನಲ್ಲಿರುವ ಅಂಗಡಿಗೇ ಹೋಗಬೇಕೇ? ಎರಡನೆಯದಾದರೆ ಆ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರು ಇದೆಯೋ ಇಲ್ಲವೋ ಮೊದಲು ನೋಡಿ. ಬೆಂಗಳೂರಿನ ಕಚೇರಿಯಲ್ಲಿ ಕೂತು ಮಾಡಿದ ಪಟ್ಟಿಗಳಲ್ಲಿ ನಮ್ಮ ಊರು ಹಲವು ಸಲ ಬಿಟ್ಟುಹೋಗಿರುತ್ತದೆ.

ಇನ್ನು ಹುಡುಕುವ ವಿಷಯ. ಕಣ್ಣಿನ ಕೆಲಸದಲ್ಲಿ ಮೂರು ಬಗೆಯ ಜನ ಇರುತ್ತೇವೆ, ನಮ್ಮ ಬೋರ್ಡುಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ನೇತ್ರತಜ್ಞರು ಎಂಬಿಬಿಎಸ್ ಮುಗಿಸಿ ಕಣ್ಣಿನಲ್ಲಿ ಎಂಎಸ್, ಡಿಒಎಂಎಸ್ ಅಥವಾ ಡಿಎನ್‌ಬಿ ಮಾಡಿದ ವೈದ್ಯರು. ಔಷಧ, ಇಂಜೆಕ್ಷನ್, ಆಪರೇಷನ್ ಅವರದು. ಆಪ್ಟೋಮೆಟ್ರಿಸ್ಟ್ ಅಂದರೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿ.ಆಪ್ಟಮ್ ಓದಿದವರು. ನಾನೂ ಇದೇ ಸಾಲಿನವನು. ನಂಬರ್ ತೆಗೆಯುವುದು, ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವುದು, ಕಣ್ಣಿನ ರೋಗದ ಸುಳಿವು ಹಿಡಿದು ವೈದ್ಯರಿಗೆ ಕಳಿಸುವುದು ನಮ್ಮ ಕೆಲಸ. 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ ಈ ವೃತ್ತಿಗೆ ಹೆಸರು ಹಿಡಿದು ಜಾಗ ಸಿಕ್ಕಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದೇ ತರಹದ ಕೆಲಸ ಮಾಡುವ, ಡಿಪ್ಲೊಮಾ ಓದಿದವರನ್ನು ನೇತ್ರಾಧಿಕಾರಿ ಎನ್ನುತ್ತಾರೆ, ಅನುಭವದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಮೂರನೆಯವರು ಆಪ್ಟಿಶಿಯನ್. ಫ್ರೇಮ್ ಕೂರಿಸಿ ಗ್ಲಾಸ್ ಕತ್ತರಿಸಿ ಕೊಡುವ ಕುಶಲಿಗರು. ಇವರಲ್ಲಿ ಕೆಲವರು ಅಪ್ಪನ ಕಾಲದಿಂದ ನೋಡಿ ಕಲಿತು ನಂಬರನ್ನೂ ತೆಗೆಯುತ್ತಾರೆ. ಕೆಲವರ ಕೈ ಚೆನ್ನಾಗಿಯೂ ಇದೆ, ಆದರೆ ಕಣ್ಣಿನ ಹಿಂಬದಿಯಲ್ಲಿ ಏನಾಗಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಕೊಪ್ಪೀಕರ್ ರಸ್ತೆ, ಸ್ಟೇಷನ್ ರಸ್ತೆ, ವಿದ್ಯಾನಗರ. ಧಾರವಾಡದಲ್ಲಿ ಸುಭಾಷ ರಸ್ತೆ, ಜುಬಿಲಿ ಸರ್ಕಲ್ ಸುತ್ತ ಆಪ್ಟಿಕಲ್ಸ್ ಸಾಲಾಗಿವೆ. ಗೂಗಲ್ ಮ್ಯಾಪಿನಲ್ಲಿ ನಕ್ಷತ್ರ ಎಣಿಸಿ ಆರಿಸಬೇಡಿ. ಆ ನಕ್ಷತ್ರ ಬರುವುದು ಹೆಚ್ಚಾಗಿ ಫ್ರೇಮಿನ ಚೆಂದಕ್ಕೆ ಮತ್ತು ರಿಯಾಯಿತಿಗೆ. ಒಂದು ಫೋನ್ ಮಾಡಿ ಕೇಳಿ: ‘ನಂಬರ್ ತೆಗೆಯುವವರು ಬಿ.ಆಪ್ಟಮ್ ಮಾಡಿದವರಾ? ಇವತ್ತು ಎಷ್ಟು ಹೊತ್ತು ಇರ್ತಾರೆ? ಕನ್ನಡಕ ಇಲ್ಲೇ ಮಾಡಿಸದಿದ್ದರೂ ಚೀಟಿ ಬರೆದು ಕೊಡ್ತೀರಾ?’ ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಜಾಗ ಎಂಥದ್ದೆಂದು ಗೊತ್ತಾಗುತ್ತದೆ. ‘ತಪಾಸಣೆ ಫ್ರೀ, ಚೀಟಿ ಕೊಡಲ್ಲ’ ಎಂದರೆ ತಪಾಸಣೆಯ ದುಡ್ಡು ಫ್ರೇಮಿನಲ್ಲಿ ಸೇರಿದೆ ಎಂದೇ ಅರ್ಥ.

ಒಳಗೆ ಹೋದ ಮೇಲೆ ಏನು ನಡೆಯಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯವರನ್ನು ಗುರುತಿಸಲು ಇದಕ್ಕಿಂತ ಖಾತ್ರಿಯ ದಾರಿ ನನಗೆ ಗೊತ್ತಿಲ್ಲ. ಮೊದಲು ನಿಮ್ಮ ಹಳೆಯ ಕನ್ನಡಕ ಇಸಿದುಕೊಂಡು ಅದರ ನಂಬರ್ ಅಳೆಯುತ್ತಾರೆ. ಆಮೇಲೆ ಗಲ್ಲ ಇಟ್ಟು ನೋಡುವ ಯಂತ್ರ ಬರುತ್ತದೆ. ದೂರದ ಬಣ್ಣದ ಬಲೂನೋ ಮನೆಯೋ ಕಾಣುತ್ತದಲ್ಲ, ಅದು ಆಟೋರಿಫ್ರಾಕ್ಟರ್. ಅದರಿಂದ ಹೊರಬರುವ ಚೀಟಿ ಅಂದಾಜು ಮಾತ್ರ. ಆ ಚೀಟಿಯ ಅಂಕಿಯನ್ನೇ ಎತ್ತಿ ಕನ್ನಡಕಕ್ಕೆ ಬರೆದುಬಿಟ್ಟರೆ ಅಲ್ಲಿಂದ ಎದ್ದು ಬನ್ನಿ. ಸರಿಯಾದವರು ಪ್ರತಿ ಕಣ್ಣನ್ನೂ ಬೇರೆಬೇರೆ ಮುಚ್ಚಿಸಿ, 6 ಮೀಟರ್ ದೂರದ ಅಥವಾ ಕನ್ನಡಿಯಿಂದ ಅಷ್ಟು ದೂರ ಮಾಡಿದ ಅಕ್ಷರಪಟ ಓದಿಸುತ್ತಾರೆ. ಕನ್ನಡ ಅಕ್ಷರದ ಪಟ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ. ರೆಟಿನೋಸ್ಕೋಪಿನ ಬೆಳಕಿನ ಗೆರೆ ಕಣ್ಣಿನ ಮೇಲೆ ಆಡಿಸಿ ಅದರ ಪ್ರತಿಫಲನ ನೋಡುತ್ತಾರೆ. ನಂತರ ಆ ಭಾರದ ಟ್ರಯಲ್ ಫ್ರೇಮ್ ಹಾಕಿ ‘ಇದರಾಗ ಚಲೋನೋ, ಇದರಾಗ ಚಲೋನೋ’ ಶುರುವಾಗುತ್ತದೆ. ಕೆಂಪು-ಹಸಿರು ಪಟ ತೋರಿಸಿ ಯಾವುದರಲ್ಲಿ ಅಕ್ಷರ ಕಪ್ಪಾಗಿ ಕಾಣುತ್ತದೆ ಎಂದು ಕೇಳಿದರೆ, ನಂಬರ್ ಹೆಚ್ಚಾಗದಂತೆ ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ.

ಇವೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಒಂದು ಸಣ್ಣ ಕರಿ ತಟ್ಟೆ, ನಡುವೆ ಸೂಜಿಮೊನೆಯಷ್ಟು ತೂತು. ಮಸುಕಾಗಿ ಕಾಣುವವರು ಆ ತೂತಿನಲ್ಲಿ ನೋಡಿದಾಗ ಕೆಳಗಿನ ಸಾಲೂ ಓದಿದರೆ, ತೊಂದರೆ ಹೆಚ್ಚಾಗಿ ನಂಬರಿನದು, ಕನ್ನಡಕದಿಂದ ಸರಿಹೋಗುತ್ತದೆ. ತೂತಿನಲ್ಲೂ ಅಷ್ಟೇ ಮಸುಕಾದರೆ ಗ್ಲಾಸು ಬದಲಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ, ವೈದ್ಯರ ಹತ್ತಿರ ಕಳಿಸಬೇಕು. ಇಂಥ ಸಮಯದಲ್ಲಿ ‘ಇದು ನನ್ನ ಕೈಲಿ ಆಗೋದಲ್ಲ, ಡಾಕ್ಟ್ರಿಗೆ ತೋರಿಸ್ರಿ’ ಎನ್ನುವವರ ಹತ್ತಿರ ಧೈರ್ಯವಾಗಿ ಹೋಗಿ.

ಕೊನೆಗೆ ಕೈಗೆ ಬರುವ ಚೀಟಿಯಲ್ಲಿ ಸ್ಫಿಯರ್ (ಮುಖ್ಯ ನಂಬರ್), ಸಿಲಿಂಡರ್ (ಅಡ್ಡ ನಂಬರ್), ಆಕ್ಸಿಸ್ (ಅದರ ಕೋನ), ಓದುವುದಕ್ಕೆ ಆಡ್, ಕನ್ನಡಕ ಹಾಕಿದ ಮೇಲೆ ಕಾಣುವ ಮಟ್ಟ (6/6, 6/9 ಎಂದು), ಎರಡು ಪಾಪೆಗಳ ನಡುವಿನ ಅಂತರ ಮಿಲಿಮೀಟರಿನಲ್ಲಿ, ಇಷ್ಟೂ ಇರಬೇಕು. ಅಂತರ ಬರೆಯದೇ ಬಿಡುವುದು ನಮ್ಮವರ ಅಭ್ಯಾಸ. ಕೇಳಿ ಬರೆಸಿಕೊಳ್ಳಿ.

ಈಗ ನಿಮ್ಮ ಮಗಳು. ಅವಳನ್ನು ದಯವಿಟ್ಟು ಮೊದಲ ಸಲ ಅಂಗಡಿಗೆ ಕರೆದೊಯ್ಯಬೇಡಿ. ಈ ವಯಸ್ಸಿನ ಮಕ್ಕಳ ಕಣ್ಣಿಗೆ ಹತ್ತಿರ ಗುರಿ ಹಿಡಿಯುವ ಶಕ್ತಿ ಬಹಳ. ಯಂತ್ರದೊಳಗೆ ನೋಡುವಾಗಲೂ ಕಣ್ಣಿನ ಸ್ನಾಯು ಬಿಗಿಹಿಡಿದುಬಿಟ್ಟರೆ ಇಲ್ಲದ ಮೈನಸ್ ನಂಬರ್ ಬರುತ್ತದೆ, ಅಥವಾ ಮೈನಸ್ 1 ಇರುವಲ್ಲಿ ಮೈನಸ್ 2 ಬರುತ್ತದೆ. ಅದಕ್ಕೇ ಡ್ರಾಪ್ಸ್ ಹಾಕಿ ಆ ಸ್ನಾಯುವನ್ನು ಸಡಿಲಿಸಿ ನಂಬರ್ ತೆಗೆಯಬೇಕು. ಇದು ನೇತ್ರತಜ್ಞರು ಇರುವ ಕಡೆಯೇ ಆಗಬೇಕಾದ ಕೆಲಸ. ಸೈಕ್ಲೋಪೆಂಟೊಲೇಟ್ ಹಾಕಿದರೆ ಸುಮಾರು ಒಂದು ದಿನ ಓದಲು ಮಸುಕು, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಅಟ್ರೋಪಿನ್ ಆದರೆ ಅದು ಒಂದೆರಡು ವಾರ ಎಳೆಯಬಹುದು. ಶಾಲೆಯ ಪರೀಕ್ಷೆಯ ಹಿಂದಿನ ದಿನ ಹೋಗಬೇಡಿ. ಜೊತೆಗೆ ಎರಡೂ ಕಣ್ಣು ಸಮನಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡಿಸಿ. ಒಂದು ಕಣ್ಣು ಸೋಮಾರಿಯಾಗಿದ್ದರೆ ಮಗುವಿಗೇ ಅದು ಗೊತ್ತಿರುವುದಿಲ್ಲ, ಇನ್ನೊಂದು ಕಣ್ಣು ಎಲ್ಲವನ್ನೂ ತೂಗಿಸಿಕೊಂಡು ಹೋಗುತ್ತಿರುತ್ತದೆ. ವಯಸ್ಸು ಹೆಚ್ಚಿದಂತೆ ಅದನ್ನು ಸರಿಮಾಡುವುದು ಕಷ್ಟ.

ನಂಬರ್ ಬಂದರೆ ಗಾಜಿನ ಬದಲು ಪಾಲಿಕಾರ್ಬೊನೇಟ್ ಲೆನ್ಸ್ ಹಾಕಿಸಿ, ಒಡೆದು ಕಣ್ಣಿಗೆ ಚುಚ್ಚುವ ಭಯ ಕಡಿಮೆ. ಆರು ತಿಂಗಳಿಗೊಮ್ಮೆ ತೋರಿಸಿ, ಈ ವಯಸ್ಸಿನಲ್ಲಿ ಮೈನಸ್ ಓಡುತ್ತದೆ. ‘ಚಸ್ಮಾ ಹಾಕಿದ್ರ ನಂಬರ್ ಏರ್ತದ’ ಎಂದು ಮನೆಯ ಹಿರಿಯರು ಅಂದೇ ಅನ್ನುತ್ತಾರೆ, ಅದು ನಿಜವಲ್ಲ. ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಏರುವುದು ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ದಿನಕ್ಕೆ ಎರಡು ತಾಸು ಬಯಲಿನ ಬೆಳಕಿನಲ್ಲಿ ಆಡಿದ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಎಂಬುದು ಮಾತ್ರ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನವನಗರದಲ್ಲಿ ಬಯಲಿಗೇನೂ ಬರವಿಲ್ಲ. ಊರಲ್ಲಿ ಸಂಬಂಧಿಕರ ಮಕ್ಕಳು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ನೋಡುತ್ತದೆ, ಅದಕ್ಕೆ ದುಡ್ಡಿಲ್ಲ.

ನಿಮ್ಮದು ಸರಳ. ನಲವತ್ತು ದಾಟಿದವರ ಚಾಳೀಸು, ಎಲ್ಲರಿಗೂ ಬರುವಂಥದ್ದು. ಒಳ್ಳೆಯ ಆಪ್ಟೋಮೆಟ್ರಿಸ್ಟ್ ಸಾಕು. ಫುಟ್‌ಪಾತಿನ ರೆಡಿಮೇಡ್ ಕನ್ನಡಕದಿಂದ ಕಣ್ಣು ಕೆಡುವುದಿಲ್ಲ, ಆದರೆ ಅದರ ನೆಪದಲ್ಲಿ ತಪಾಸಣೆ ತಪ್ಪುತ್ತದೆ. ಈ ವಯಸ್ಸಿನಲ್ಲಿ ಒಮ್ಮೆ ಕಣ್ಣಿನ ಒತ್ತಡ ಅಳೆಸಿಕೊಳ್ಳಿ, ಮನೆತನದಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಕಡ್ಡಾಯವಾಗಿ. ನೋವಿಲ್ಲದೆ, ಸೂಚನೆಯಿಲ್ಲದೆ ದೃಷ್ಟಿಯ ಅಂಚನ್ನು ತಿನ್ನುತ್ತ ಬರುವ ರೋಗ ಅದು. ಮುಂದೆಂದಾದರೂ ಕನ್ನಡಕ ಬೇಡ, ಲೇಸರ್ ಮಾಡಿಸೋಣ ಅನ್ನಿಸಿದರೆ ನೆನಪಿರಲಿ: ನಂಬರ್ 7.5 ಡಯಾಪ್ಟರಿಗಿಂತ ಕಡಿಮೆ ಇರುವವರ ದೃಷ್ಟಿ ತಿದ್ದುವ ಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಲು ವಿಮಾ ಕಂಪನಿಗಳಿಗೆ ನಿಯಮದಲ್ಲೇ ಅವಕಾಶವಿದೆ, ಹೆಚ್ಚಿನವು ಹೊರಗಿಟ್ಟಿವೆ.

ಅವ್ವನ ವಿಷಯದಲ್ಲಿ ಖುಷಿ ಪಡುವ ಮೊದಲು ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಬಸ್ ನಿಲ್ದಾಣಕ್ಕೆ ಕರೆದೊಯ್ದು, ಒಂದೊಂದೇ ಕಣ್ಣು ಮುಚ್ಚಿಸಿ, ದೂರದಿಂದ ಬರುವ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಬೋರ್ಡು ಓದಿಸಿ. ಹತ್ತಿರದ್ದು ಚೊಕ್ಕ ಕಂಡು ದೂರದ್ದು ಮಸುಕಾಗಿದ್ದರೆ, ಕಣ್ಣು ಸುಧಾರಿಸಿಲ್ಲ. ಕಣ್ಣಿನೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತ ಬಂದಾಗ ಕಣ್ಣು ಮೈನಸ್ ಕಡೆ ವಾಲುತ್ತದೆ, ಆಗ ಓದುವ ಕನ್ನಡಕ ಬೇಡವೆನಿಸುತ್ತದೆ. ಇದು ಮೋತಿಬಿಂದು, ಅಂದರೆ ಪೊರೆ ಬರುವ ಒಂದು ದಾರಿ. ರಾತ್ರಿ ಎದುರಿನ ಗಾಡಿಯ ಲೈಟು ಒಡೆದು ಚದುರಿದಂತೆ ಕಾಣುತ್ತದೆಯೇ ಎಂದೂ ಕೇಳಿ. ಇನ್ನೊಂದು ಕಾರಣವೂ ಇರಬಹುದು. ಶುಗರ್ ಏರಿದಾಗ ಮಸೂರ ಉಬ್ಬಿ ನಂಬರ್ ಅದಲುಬದಲಾಗುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯುವ ತನಕ ಹೊಸ ಕನ್ನಡಕ ಮಾಡಿಸಬೇಡಿ. ಶುಗರ್ ಹಿಡಿತಕ್ಕೆ ಬಂದ ಮೇಲೆ ಅದೇ ಕನ್ನಡಕ ಕೆಲಸಕ್ಕೆ ಬಾರದೆ ಹೋಗುತ್ತದೆ. ಹೋಗುವ ಮುನ್ನ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸಿ ರಿಪೋರ್ಟ್ ಕೈಯಲ್ಲಿಟ್ಟುಕೊಳ್ಳಿ.

ಅವರನ್ನು ನೇರ ನೇತ್ರತಜ್ಞರಿಗೇ ತೋರಿಸಿ. ಶುಗರ್ ಇದ್ದವರಿಗೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಲೇಬೇಕು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ. ನೀವು ಇರುವ ಜಾಗಕ್ಕೆ ಇದು ಕಷ್ಟವಲ್ಲ. ಚಿಗರಿ ಹಾದಿಯಲ್ಲೇ ಒಂದು ಕಡೆ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗ ಕೆಎಂಸಿಆರ್‌ಐ ಎನ್ನುತ್ತಾರೆ, ಬಾಯಲ್ಲಿ ಇನ್ನೂ ಕಿಮ್ಸೇ), ಇನ್ನೊಂದು ಕಡೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ಕಣ್ಣಿಗೆಂದೇ ಇರುವ ಎಂ.ಎಂ. ಜೋಶಿ ನೇತ್ರ ಸಂಸ್ಥೆ ಹುಬ್ಬಳ್ಳಿಯಲ್ಲಿ 1967ರಿಂದ ನಡೆಯುತ್ತಿದೆ. ಗದಗಿನಲ್ಲೇ ತೋರಿಸುವುದಾದರೆ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ. ಮಗಳನ್ನೂ ಅವ್ವನನ್ನೂ ಇಂಥ ಕಡೆ ಒಂದೇ ದಿನ ತೋರಿಸಬಹುದು, ಅಲ್ಲಿಯ ಆಪ್ಟೋಮೆಟ್ರಿಸ್ಟರೇ ನಿಮ್ಮ ನಂಬರನ್ನೂ ತೆಗೆಯುತ್ತಾರೆ. ಆದರೆ ಡ್ರಾಪ್ಸ್ ಹಾಕಿಸಿಕೊಂಡ ಇಬ್ಬರನ್ನು ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಮೇಲೆ ಕರೆತರುವ ಸಾಹಸ ಬೇಡ. ಬೆಳಿಗ್ಗೆ ಮೊದಲ ಪಾಳಿಗೆ ಹೋಗಿ, ಟೊಪ್ಪಿಗೆಯೋ ಕರಿ ಕನ್ನಡಕವೋ ಜೊತೆಗಿರಲಿ.

ಪೊರೆ ಎಂದು ಖಾತ್ರಿಯಾದರೆ ‘ಇನ್ನೂ ಬಲೀಲಿ’ ಎಂದು ಕಾಯುವ ಕಾಲ ಹೋಯಿತು. ಪೊರೆಯನ್ನು ಒಡೆದು ಹೀರಿ ತೆಗೆಯುವ ಈಗಿನ ಫೇಕೋ ಪದ್ಧತಿಯಲ್ಲಿ ಅದು ಕಲ್ಲಾದಷ್ಟೂ ಆಪರೇಷನ್ ಕಷ್ಟ. ದಿನದ ಕೆಲಸಕ್ಕೆ ತೊಂದರೆಯಾಗುತ್ತಿದ್ದರೆ ತೆಗೆಸಬಹುದು. ಅಕ್ಷಿಪಟಲದಲ್ಲಿ ಶುಗರಿನ ಪೆಟ್ಟು ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕಾಗಬಹುದು. ನಿಮ್ಮ ಕಾರ್ಡು ಜೇಬಿನಿಂದ ಹೊರಬರಬೇಕಾದದ್ದು ಈ ಹಂತದಲ್ಲಿ, ವೈದ್ಯರ ಕೋಣೆಯ ಪಕ್ಕದ ವಿಮಾ ಕೌಂಟರಿನಲ್ಲಿ. ಅದನ್ನು ಟಿಪಿಎ ಡೆಸ್ಕ್ ಎನ್ನುತ್ತಾರೆ. ಟಿಪಿಎ ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ.

ಆ ಕೌಂಟರಿನಲ್ಲಿ ಎಲ್ಲರೂ ಕೇಳುವುದು ‘ಈ ಕಾರ್ಡ್ ನಡೀತದಾ?’ ಎಂದು. ಅವರು ‘ನಡೀತದ’ ಅನ್ನುತ್ತಾರೆ. ಆಪರೇಷನ್ ಮುಗಿದು ಬಿಲ್ ಬಂದಾಗ ಜಗಳ ಹತ್ತುತ್ತದೆ. ಆಸ್ಪತ್ರೆ ವಿಮಾ ಕಂಪನಿಯ ಒಪ್ಪಂದದ ಪಟ್ಟಿಯಲ್ಲಿ, ಅಂದರೆ ನೆಟ್‌ವರ್ಕಿನಲ್ಲಿದೆ ಎನ್ನುವುದು ಬೇರೆ, ನಿಮ್ಮ ಪಾಲಿಸಿ ಈ ಆಪರೇಷನ್‌ಗೆ ಎಷ್ಟು ಕೊಡುತ್ತದೆ ಎನ್ನುವುದು ಬೇರೆ. ಮೊದಲನೆಯದನ್ನು ಆಸ್ಪತ್ರೆ ಹೇಳಬಲ್ಲದು, ಎರಡನೆಯದನ್ನು ವಿಮಾ ಕಂಪನಿ ಅಥವಾ ಟಿಪಿಎ ಮಾತ್ರ.

ಆಸ್ಪತ್ರೆಗೆ ಫೋನ್ ಮಾಡಿದಾಗ ವಿಮಾ ಕಂಪನಿಯ ಹೆಸರನ್ನೂ ಟಿಪಿಎ ಹೆಸರನ್ನೂ ಎರಡನ್ನೂ ಹೇಳಿ, ಗುಂಪು ಪಾಲಿಸಿ ಎಂದೂ ಹೇಳಿ. ಒಂದೇ ಸಂಸ್ಥೆಯ ಒಂದು ಶಾಖೆ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು, ಹಾಗಾಗಿ ‘ನಿಮ್ಮ ಈ ಶಾಖೆಯಲ್ಲಿ, ಪೊರೆ ಆಪರೇಷನ್‌ಗೆ, ಈಗ ಕ್ಯಾಶ್‌ಲೆಸ್ ಇದೆಯೇ’ ಎಂದು ಇಡೀ ವಾಕ್ಯ ಕೇಳಿ. ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು. ವೆಬ್‌ಸೈಟಿನ ನೆಟ್‌ವರ್ಕ್ ಪಟ್ಟಿ ಹಳೆಯದಿರಬಹುದು. ಪ್ಯಾಕೇಜ್ ಮೊತ್ತ, ಅದರಲ್ಲಿ ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಕೂರಿಸುವ ಯಾವ ಲೆನ್ಸ್ ಸೇರಿದೆ ಎಂಬ ಅಂದಾಜು ಪತ್ರವನ್ನು ಬರೆಸಿಕೊಳ್ಳಿ.

ವಿಮಾ ಕಂಪನಿಗೆ ಕೇಳುವುದನ್ನು ಫೋನಿನಲ್ಲಿ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಮೊದಲ ಪ್ರಶ್ನೆ, ಅವ್ವನ ಹೆಸರು ಪಾಲಿಸಿಯಲ್ಲಿ ಇದೆಯೇ? ಕಾರ್ಡು ನಿಮ್ಮ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ತಂದೆ-ತಾಯಿ ಸೇರಿದ್ದಾರೆ ಎಂದಲ್ಲ. ಎರಡನೆಯದು ಕಾಯುವ ಅವಧಿ. ನೀವೇ ಕೊಂಡ ವೈಯಕ್ತಿಕ ಪಾಲಿಸಿಯಾಗಿದ್ದರೆ ಪೊರೆಗೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು. ಕಂಪನಿಯ ಗುಂಪು ಪಾಲಿಸಿಗಳಲ್ಲಿ ಇದನ್ನು ಹಲವು ಸಲ ತೆಗೆದಿರುತ್ತಾರೆ. ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ: ಪ್ರತಿ ಕಣ್ಣಿಗೆ ಮಿತಿ. 5 ಲಕ್ಷದ ಪಾಲಿಸಿ ಎಂದರೆ ಪೊರೆಗೆ 5 ಲಕ್ಷ ಎಂದಲ್ಲ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಎಂಬ ಮಾದರಿ ಪಾಲಿಸಿಯಲ್ಲೇ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು. ಅದರ ಮೇಲೆ ಶೇ 5 ನಿಮ್ಮ ಪಾಲು. ಗುಂಪು ಪಾಲಿಸಿಯಲ್ಲಿ ತಂದೆ-ತಾಯಿಗೆ ಈ ಕೋ-ಪೇ ಇನ್ನೂ ಹೆಚ್ಚಿರುವುದುಂಟು. ಮಾತಿಗೆ, ಪ್ಯಾಕೇಜು 55,000, ಮಿತಿ 40,000 ಎಂದಿಟ್ಟುಕೊಳ್ಳಿ. 15,000 ನಿಮ್ಮದು, ಜೊತೆಗೆ ಕೋ-ಪೇ. ಕೋ-ಪೇಯನ್ನು ಪೂರಾ ಬಿಲ್ಲಿನ ಮೇಲೆ ಹಿಡಿಯುತ್ತಾರೋ, ಮಿತಿಗೆ ಇಳಿಸಿದ ಮೇಲೆ ಹಿಡಿಯುತ್ತಾರೋ ಎಂದೂ ಕೇಳಿ, ಸಾವಿರಗಟ್ಟಲೆ ವ್ಯತ್ಯಾಸ ಬೀಳುತ್ತದೆ.

ನಾಲ್ಕನೆಯದು ಲೆನ್ಸು. ದೂರಕ್ಕೆ ಮಾತ್ರ ಸ್ಪಷ್ಟ ಕಾಣಿಸುವ ಮೊನೊಫೋಕಲ್ ಲೆನ್ಸಿಗೆ ವಿಮೆ ಕೊಡುತ್ತದೆ. ದೂರ-ಹತ್ತಿರ ಎರಡೂ ಕಾಣಿಸುವ ಮಲ್ಟಿಫೋಕಲ್‌ಗೆ ಹೆಚ್ಚಿನ ಪಾಲಿಸಿಗಳು ಪೂರ್ತಿ ಕೊಡುವುದಿಲ್ಲ, ಮೇಲಿನ ಹಣ ನೀವೇ ಕಟ್ಟಬೇಕು. ನನ್ನ ಅಭಿಪ್ರಾಯ ಕೇಳಿದರೆ, ಶುಗರಿನಿಂದ ಅಕ್ಷಿಪಟಲಕ್ಕೆ ಪೆಟ್ಟು ಬಿದ್ದವರಿಗೆ ಮಲ್ಟಿಫೋಕಲ್ ಬೇಡವೇ ಬೇಡ, ದುಡ್ಡು ಎಷ್ಟೇ ಇರಲಿ. ಅಕ್ಷಿಪಟಲಕ್ಕೆ ಇಂಜೆಕ್ಷನ್ ಬೇಕೆಂದರೆ ಅದನ್ನು ಪ್ರತ್ಯೇಕವಾಗಿ ವಿಚಾರಿಸಿ. ಕಣ್ಣಿನೊಳಗಿನ ಇಂಜೆಕ್ಷನ್ನನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದೆ, ಆದರೆ ಕಂಪನಿಗಳು ಅದಕ್ಕೂ ಮಿತಿ ಹಾಕಿರುತ್ತವೆ.

ಆಪರೇಷನ್ ದಿನ ಗೊತ್ತಾದ ಮೇಲೆ ಆಸ್ಪತ್ರೆಯವರು ವಿಮಾ ಕಂಪನಿಗೆ ಪ್ರೀ-ಆಥರೈಸೇಶನ್ (ಮುಂಗಡ ಒಪ್ಪಿಗೆಯ ಕೋರಿಕೆ) ಕಳಿಸುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ತಾಸಿನಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ತಾಸಿನಲ್ಲಿ ವಿಮಾ ಕಂಪನಿ ಉತ್ತರಿಸಬೇಕು. ನಿಮಗೆ ಬೇಕಾದ ಆಸ್ಪತ್ರೆ ನೆಟ್‌ವರ್ಕಿನಲ್ಲಿ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. 2024ರ ಜನವರಿಯಲ್ಲಿ ಬಂದ ‘ಕ್ಯಾಶ್‌ಲೆಸ್ ಎವರಿವೇರ್’ ಏರ್ಪಾಟಿನಲ್ಲಿ 48 ತಾಸು ಮೊದಲೇ ವಿಮಾ ಕಂಪನಿಗೆ ತಿಳಿಸಿ ಕೇಳಬಹುದು, ಆಸ್ಪತ್ರೆಯೂ ಒಪ್ಪಬೇಕಷ್ಟೆ. ಅದೂ ಆಗದಿದ್ದರೆ ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೆಯುವ ದಾರಿ. ಅದಕ್ಕೆ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಔಷಧದ ಚೀಟಿಗಳ ಜೊತೆ ಕಣ್ಣಿನೊಳಗೆ ಹಾಕಿದ ಲೆನ್ಸಿನ ಸ್ಟಿಕ್ಕರ್ ಕಡ್ಡಾಯವಾಗಿ ಕೇಳುತ್ತಾರೆ. ಬೆರಳುದ್ದದ ಆ ಸ್ಟಿಕ್ಕರ್ ಇಲ್ಲದೆ ನಿಂತ ಕ್ಲೇಮುಗಳನ್ನು ಬಹಳ ನೋಡಿದ್ದೇನೆ.

ಇನ್ನೊಂದು ಲಾಭ ಹಲವರಿಗೆ ಗೊತ್ತಿಲ್ಲ. ಅಡ್ಮಿಟ್‌ಗೆ ಮೊದಲಿನ 30 ದಿನ ಮತ್ತು ನಂತರದ 60 ದಿನದ ಸಂಬಂಧಪಟ್ಟ ಖರ್ಚು ಬಹಳಷ್ಟು ಪಾಲಿಸಿಗಳಲ್ಲಿ ಸಿಗುತ್ತದೆ. ವೈದ್ಯರ ಫೀ, ಲೆನ್ಸಿನ ಅಳತೆಗೆ ಮಾಡಿದ ಸ್ಕ್ಯಾನ್, ರಕ್ತ ಪರೀಕ್ಷೆ, ನಂತರದ ಡ್ರಾಪ್ಸ್ ಎಲ್ಲವೂ ಇದರಲ್ಲಿ ಬರುತ್ತವೆ. ಹಾಗಾಗಿ ಮೊದಲ ದಿನದ ಓಪಿಡಿ ರಸೀದಿಯನ್ನೂ ಬಿಸಾಡಬೇಡಿ.

ಕಂಪನಿಯ ಕಾರ್ಡಿನಲ್ಲಿ ಅವ್ವನ ಹೆಸರೇ ಇಲ್ಲವಾದರೆ ಬೇರೆ ದಾರಿಗಳಿವೆ. ಗದಗಿನ ಮನೆಯಲ್ಲಿ ಬಿಪಿಎಲ್ ರೇಷನ್ ಕಾರ್ಡಿನಲ್ಲಿ ಅವರಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ 30, ಗರಿಷ್ಠ 1.5 ಲಕ್ಷ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ತುರ್ತು ಬಿಟ್ಟರೆ ಅಲ್ಲಿಯ ರೆಫರಲ್ ಇಲ್ಲದೆ ಖಾಸಗಿಯಲ್ಲಿ ನಡೆಯುವುದಿಲ್ಲ. ಗೊಂದಲವಾದರೆ 104ಕ್ಕೆ ಫೋನ್ ಮಾಡಿ. ಊರಿನ ಸಹಕಾರ ಸಂಘದಲ್ಲಿ ಸದಸ್ಯತ್ವ ಇದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ನೋಂದಣಿ ಆಗಿದೆಯೇ ವಿಚಾರಿಸಿ. ಮನೆಯಲ್ಲಿ ಯಾರಾದರೂ ರೈಲ್ವೆಯವರಿದ್ದರೆ ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆ, ಇಎಸ್‌ಐ ಕಟ್ಟುವವರಿದ್ದರೆ ಇಎಸ್‌ಐ ಔಷಧಾಲಯದಿಂದಲೇ ದಾರಿ ಶುರು, ನೇರ ಖಾಸಗಿಗೆ ಹೋಗಿ ಬಿಲ್ ತಂದರೆ ತೊಂದರೆ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತ ಕಾರಣ ಕೇಳಿ, ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಸಮಾಧಾನದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಕಾರ್ಡು, ನೆಟ್‌ವರ್ಕು, ಅಂದಾಜು ಪತ್ರ ಯಾವುದಕ್ಕೂ ಕಾಯಬಾರದ ಸಂದರ್ಭಗಳೂ ಇವೆ. ಒಮ್ಮೆಗೇ ದೃಷ್ಟಿ ಹೋದರೆ, ಕಣ್ಣೆದುರು ಮಿಂಚು ಹೊಡೆದಂತಾಗಿ ಕರಿ ಚುಕ್ಕೆಗಳ ಮಳೆ ಬಂದರೆ ಅಥವಾ ಪರದೆ ಇಳಿದಂತಾದರೆ, ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ ಬಂದರೆ ಅದೇ ದಿನ ನೇತ್ರತಜ್ಞರು ಇರುವ ಆಸ್ಪತ್ರೆಗೆ ಹೋಗಿ. ಸುಣ್ಣ, ಆಸಿಡ್ ಸಿಡಿದರೆ ಮೊದಲು ನಲ್ಲಿ ನೀರಲ್ಲಿ ಕಾಲು ತಾಸಿಗೂ ಹೆಚ್ಚು ಹೊತ್ತು ತೊಳೆದು ಆಮೇಲೆ ಹೊರಡಿ.

ನಿಮ್ಮ ಮನೆಯಲ್ಲಿ ಈ ವಾರ ಮೊದಲಾಗಬೇಕಾದದ್ದು ಅವ್ವನ ಶುಗರ್ ಪರೀಕ್ಷೆ ಮತ್ತು ಎಚ್‌ಆರ್‌ಗೆ ಒಂದು ಮೇಲ್. ಮೇಲ್‌ನಲ್ಲಿ ಪಾಲಿಸಿ ನವೀಕರಣದ ತಾರೀಖನ್ನೂ ಕೇಳಿ. ತಾಯಿಯ ಹೆಸರು ಸೇರಿಸಲು ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಆಗ ಮಾತ್ರ ಅವಕಾಶ, ಅದು ತಪ್ಪಿದರೆ ಮುಂದಿನ ವರ್ಷವೇ. ಎರಡೂ ಕಣ್ಣಿಗೆ ಆಪರೇಷನ್ ಬೇಕೆಂದರೆ, ಆ ತಾರೀಖಿನ ಹಿಂದೊಂದು ಮುಂದೊಂದು ಮಾಡಿಸಬೇಕೋ, ಒಂದೇ ವರ್ಷದಲ್ಲಿ ಮುಗಿಸಬೇಕೋ ಎಂದು ವೈದ್ಯರನ್ನೂ ಟಿಪಿಎಯವರನ್ನೂ ಕೇಳಿ ನಿರ್ಧರಿಸಿ. ಆಸ್ಪತ್ರೆಗೆ ಹೋಗುವಾಗ ಅವ್ವ ಪಕ್ಕಕ್ಕಿಟ್ಟಿರುವ ಹಳೆಯ ಚಾಳೀಸನ್ನು ಮರೆಯದೆ ತನ್ನಿ. ಅದರ ನಂಬರಿಗೂ ಈಗಿನ ನಂಬರಿಗೂ ಇರುವ ಅಂತರ ನೋಡಿದರೆ ಕಣ್ಣು ಎಷ್ಟು ವಾಲಿದೆ ಎಂದು ನಮಗೆ ತಕ್ಷಣ ಗೊತ್ತಾಗುತ್ತದೆ.